ದೀಪದ ಊರಿನ ಕಾಲ್ಚೆಂಡು ಸಂಘ

ರೇಡಿಯೋ ಯಂತ್ರವು ನಮ್ಮ ಮನೆಗಳಿಗೆ ಹೊಸದಾಗಿ ಬಂದ ಕಾಲದಲ್ಲಿ, ನಡುಮನೆಯ ಮೇಜಿನ ಮೇಲೆ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಮರದ ಪೆಟ್ಟಿಗೆಯ ಮುಖದಲ್ಲಿ ಅನೇಕ ಕಡೆ ಒಂದು ಹೆಸರು ಕಾಣುತ್ತಿದ್ದಿತು. ಅದು ಫಿಲಿಪ್ಸ್ ಎಂಬ ಹೆಸರು. ಸಂಗೀತವನ್ನೂ ವಾರ್ತೆಯನ್ನೂ ಕೇಳಲು ಕುಳಿತವರು ಆ ಹೆಸರನ್ನು ಓದಿ ಸುಮ್ಮನಾಗುತ್ತಿದ್ದರೇ ಹೊರತು, ಅದು ಯಾರ ಹೆಸರು, ಯಾವ ಊರಿನದು ಎಂದು ವಿಚಾರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಹಾಲೆಂಡ್ ದೇಶದ ದಕ್ಷಿಣದಲ್ಲಿ ಬ್ರಬಾಂಟ್ ಎಂಬ ಸೀಮೆಯುಂಟು. ಅಲ್ಲಿರುವ ಐಂಡ್‌ಹೋವನ್ ನಗರವೇ ಆ ಹೆಸರಿನ ತವರು. ಅದೇ ಕಾರ್ಖಾನೆಯ ಮಡಿಲಿನಲ್ಲಿ ಹುಟ್ಟಿ, ಯೂರೋಪು ಖಂಡದ ಅತ್ಯುನ್ನತ ಪದವಿಯನ್ನು ಗಳಿಸಿದ ಒಂದು ಕಾಲ್ಚೆಂಡಾಟದ ಸಂಘದ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ.

ಆಟಪಾಟಗಳ ಸುದ್ದಿ ವಿದ್ವಜ್ಜನರಿಗೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಗೋಲುಗಳ ಲೆಕ್ಕವನ್ನು ಒಪ್ಪಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಒಡೆಯನು ತನ್ನ ಕೆಲಸಗಾರರಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿಕೊಡುತ್ತಾನೆ; ಕಾಲಕ್ರಮದಲ್ಲಿ ಒಡೆಯನು ಊರನ್ನೇ ಬಿಟ್ಟು ಹೋಗುತ್ತಾನೆ. ಆಗ ಆ ಸಂಸ್ಥೆ ಯಾರದು? ಅದು ಬದುಕುವುದೆ, ಅಳಿಯುವುದೆ? ಈ ಪ್ರಶ್ನೆ ಐಂಡ್‌ಹೋವನ್ನಿಗೆ ಮಾತ್ರ ಸಂಬಂಧಿಸಿದುದಲ್ಲ.

ಮೊದಲು ಕಾರ್ಖಾನೆಯ ಸಂಗತಿ. ೧೮೯೧ರಲ್ಲಿ ಗೆರಾರ್ಡ್ ಫಿಲಿಪ್ಸ್ ಎಂಬ ಎಂಜಿನಿಯರು ತನ್ನ ತಂದೆ ಫ್ರೆಡರಿಕ್ಕನ ಹಣದ ನೆರವಿನಿಂದ ಐಂಡ್‌ಹೋವನ್ನಿನಲ್ಲಿ ಪಾಳುಬಿದ್ದಿದ್ದ ಒಂದು ಕಾರ್ಖಾನೆಯ ಕಟ್ಟಡವನ್ನು ಕೊಂಡು, ವಿದ್ಯುದ್ದೀಪದ ಬುರುಡೆಗಳನ್ನು ಮಾಡತೊಡಗಿದನು. ತಂದೆ ಲೇವಾದೇವಿಯ ವೃತ್ತಿಯವನು, ಮಗ ಶಾಸ್ತ್ರಜ್ಞ. ಇಬ್ಬರಿಗೂ ಮಾರುವ ಕಲೆ ಅಷ್ಟಾಗಿ ತಿಳಿಯದು. ೧೮೯೫ರಲ್ಲಿ ಕಿರಿಯ ಮಗ ಆಂಟನ್ ಬಂದು ಸೇರಿದ ಮೇಲೆ ಆ ಕೊರತೆ ನೀಗಿತು. ಆಂಟನ್ನನು ರಷ್ಯಾ ದೇಶಕ್ಕೆ ಹೋಗಿ, ಚಕ್ರವರ್ತಿಯ ಅರಮನೆಗೆಂದು ೫೦,೦೦೦ ದೀಪಗಳ ಬೇಡಿಕೆಯನ್ನು ತಂತಿಯ ಮೂಲಕ ತಿಳಿಸಿದಾಗ, ಸೊನ್ನೆಗಳು ಹೆಚ್ಚಾಗಿ ಬಿದ್ದಿರಬೇಕೆಂದು ಅಣ್ಣನು ಶಂಕಿಸಿದನಂತೆ. ತಮ್ಮನು ಅದೇ ಸಂಖ್ಯೆಯನ್ನು ಅಂಕಿಯಲ್ಲಲ್ಲದೆ ಅಕ್ಷರದಲ್ಲಿ ಬರೆದು ಮತ್ತೊಮ್ಮೆ ಕಳುಹಿಸಿದನೆಂದು ಕಥೆಯಿದೆ.

ಬೇಡಿಕೆ ಹೆಚ್ಚಿದಂತೆ ಕೆಲಸಗಾರರ ಸಂಖ್ಯೆಯೂ ಹೆಚ್ಚಿತು. ಸುತ್ತಲ ಹಳ್ಳಿಗಳಿಂದಲೂ ದೂರದ ಸೀಮೆಗಳಿಂದಲೂ ಸಂಸಾರಗಳು ವಲಸೆ ಬಂದುವು. ಸಣ್ಣ ಊರಿನಲ್ಲಿ ಅವರಿಗೆ ತಲೆಯ ಮೇಲೆ ಸೂರಿರಲಿಲ್ಲ. ಆದಕಾರಣ ಕಂಪೆನಿಯು ೧೯೧೦ರಿಂದೀಚೆಗೆ ಸ್ಟ್ರೈಪ್ ಎಂಬ ನೆರೆಹಳ್ಳಿಯಲ್ಲಿ ಕೆಲಸಗಾರರ ಮನೆಗಳನ್ನು ಕಟ್ಟಿಸಿತು. ಅದಕ್ಕೆ ಫಿಲಿಪ್ಸ್‌ಡೋರ್ಪ್, ಅಂದರೆ ಫಿಲಿಪ್ಸ್ ಹಳ್ಳಿ ಎಂದು ಹೆಸರಾಯಿತು. ಮನೆಗಳ ಮಗ್ಗುಲಲ್ಲಿಯೇ ಆಟದ ಬಯಲನ್ನೂ ಬಿಟ್ಟರು. ೧೯೨೦ರಲ್ಲಿ ಸ್ಟ್ರೈಪ್ ಸೇರಿ ಐದು ಹಳ್ಳಿಗಳು ಐಂಡ್‌ಹೋವನ್ನಿನಲ್ಲಿ ಲೀನವಾದುವು. ಐದು ಹಳ್ಳಿ ಕೂಡಿ ಒಂದು ಪಟ್ಟಣವಾಗುವುದಕ್ಕೆ ಬುರುಡೆ ದೀಪವೇ ಕಾರಣೀಭೂತವಾಯಿತೆನ್ನಬಹುದು.

ಒಡೆಯರು ಆಟದ ಬಯಲನ್ನು ಏತಕ್ಕೆ ಬಿಟ್ಟರು? ಇದು ಕೇವಲ ದಯೆಯೆಂದರೆ ಪೂರ್ತಿ ನಿಜವಾಗದು. ಕೇವಲ ಸ್ವಾರ್ಥವೆಂದರೂ ಅನ್ಯಾಯವಾದೀತು. ದಿನವೆಲ್ಲಾ ಗಾಜಿನ ಬುರುಡೆಗಳ ನಡುವೆ ಕುಳಿತವರಿಗೆ ಗಾಳಿ ಬೆಳಕು ಬೇಕು. ಆರೋಗ್ಯವಂತನಾದ ಕೆಲಸಗಾರನು ಕಾರ್ಖಾನೆಗೂ ಲಾಭ. ಬಿಡುವಿನ ವೇಳೆಯನ್ನು ಬಯಲಿನಲ್ಲಿ ಕಳೆಯುವವನು ಹೆಂಡದಂಗಡಿಗೆ ಹೋಗುವುದು ಕಡಿಮೆ. ಕಂಪೆನಿಯ ಮನೆ, ಕಂಪೆನಿಯ ಶಾಲೆ, ಕಂಪೆನಿಯ ಆಟ ಎಂದಾದ ಮೇಲೆ ಅವನು ಕೆಲಸ ಬಿಟ್ಟು ಹೋಗುವುದೂ ಕಡಿಮೆ. ದಯೆಯೂ ಲೆಕ್ಕಾಚಾರವೂ ಹಾಲು ನೀರಿನಂತೆ ಬೆರೆತಿದ್ದುವು.

ಅಲ್ಲಿ ಮೊದಲು ಆಡಿದುದು ಫಿಲಿಪ್ಸ್ ಎಲ್ಫ್‌ಟಾಲ್, ಅಂದರೆ ಫಿಲಿಪ್ಸಿನ ಹನ್ನೊಂದು ಮಂದಿ ಎಂಬ ತಂಡ. ಅನಂತರ ೧೯೧೩ನೆಯ ಇಸವಿಯಲ್ಲಿ, ಫ್ರೆಂಚರ ಆಳ್ವಿಕೆಯಿಂದ ಹಾಲೆಂಡು ಬಿಡುಗಡೆ ಹೊಂದಿ ನೂರು ವರ್ಷ ತುಂಬಿದ ಉತ್ಸವದ ಕಾಲದಲ್ಲಿ, ಆಗಸ್ಟ್ ೩೧ರಂದು ಫಿಲಿಪ್ಸ್ ಸ್ಪೋರ್ಟ್ ಫೆರೇನಿಗಿಂಗ್ ಎಂಬ ಕ್ರೀಡಾಸಂಘವು ಸ್ಥಾಪಿತವಾಯಿತು. ಆ ಮೂರು ಮಾತುಗಳ ಮೊದಲಕ್ಷರಗಳನ್ನು ಹಿಡಿದು ಜನರು ಅದನ್ನು ಪಿ.ಎಸ್.ವಿ. ಎಂದು ಕರೆಯುತ್ತಾರೆ. ಅಂಗಿಯ ಬಣ್ಣ ಕೆಂಪು ಮತ್ತು ಬಿಳುಪು. ಸ್ಥಾಪಕರಲ್ಲೊಬ್ಬನು ಸಭೆಯಲ್ಲಿ ಕುಳಿತಿದ್ದಾಗ ಮುಂದಿದ್ದ ಕೆಂಪು ಹಣ್ಣಿನ ಪಾನಕವೂ ಬಿಳಿಯ ಟಿಪ್ಪಣಿ ಪುಸ್ತಕವೂ ಅಕ್ಕಪಕ್ಕದಲ್ಲಿ ಸೊಗಸಾಗಿ ತೋರಿದುವೆಂದೂ, ಆ ಬಣ್ಣಗಳೇ ನಿಶ್ಚಯವಾದುವೆಂದೂ ಸಂಘದವರು ಹೇಳಿಕೊಳ್ಳುತ್ತಾರೆ.

ಆರಂಭದ ವರ್ಷಗಳಲ್ಲಿ ಕಾರ್ಖಾನೆಯ ನೌಕರರಲ್ಲದವರಿಗೆ ಸಂಘದಲ್ಲಿ ಪ್ರವೇಶವಿರಲಿಲ್ಲ. ಊರಿನಲ್ಲಿ ೧೯೦೯ರಲ್ಲಿಯೇ ಹುಟ್ಟಿದ್ದ ಐಂಡ್‌ಹೋವನ್ ಎಂಬ ಹೆಸರಿನ ಮತ್ತೊಂದು ಸಂಘವಿದ್ದಿತು. ಒಂದು ಕಾರ್ಖಾನೆಯದು, ಮತ್ತೊಂದು ಊರವರದು ಎಂಬ ಭೇದಭಾವನೆ ಬೇರೂರಿತು. ಊರವರ ಸಂಘವೂ ಸಾಮಾನ್ಯವಾದುದಲ್ಲ. ೧೯೫೪ರಲ್ಲಿ ಅದು ರಾಷ್ಟ್ರದ ಪ್ರಥಮ ಸ್ಥಾನವನ್ನೇ ಪಡೆಯಿತು. ಆದರೂ ಕಾಲ ಸರಿದಂತೆ ಕಾರ್ಖಾನೆಯ ಸಂಘವೇ ಊರಿನ ಸಂಘವೂ ಆಗಿ ಪರಿಣಮಿಸಿತು. ಈ ಪರಿಣಾಮ ಹೇಗಾಯಿತೆಂಬುದೇ ನಮ್ಮ ಕಥೆಯ ಜೀವಾಳ.

೧೯೨೭ರಲ್ಲಿ ಫಿಲಿಪ್ಸ್ ಕಂಪೆನಿಯು ರೇಡಿಯೋ ಯಂತ್ರಗಳನ್ನು ಮಾರಲು ತೊಡಗಿತು. ಅದೇ ವರ್ಷ ಐಂಡ್‌ಹೋವನ್ನಿನಿಂದ ಹೊರಟ ಕಿರುತರಂಗದ ಧ್ವನಿಯು ಡಚ್ಚರ ವಶದಲ್ಲಿದ್ದ ಜಾವಾ ಮೊದಲಾದ ದ್ವೀಪಗಳನ್ನು ತಲುಪಿ ಲೋಕವನ್ನು ಬೆರಗುಗೊಳಿಸಿತು. ೧೯೩೦ರಲ್ಲಿ ಕಂಪೆನಿ ಕಲ್ಕತ್ತೆಯಲ್ಲಿ ತನ್ನ ಶಾಖೆಯನ್ನು ತೆರೆಯಿತು. ೧೯೩೨ರ ಹೊತ್ತಿಗೆ ಅದು ಮಾರಿದ್ದ ರೇಡಿಯೋಗಳ ಸಂಖ್ಯೆ ಹತ್ತು ಲಕ್ಷಕ್ಕೆ ಮುಟ್ಟಿದ್ದಿತು. ಇದೇ ಏಳಿಗೆಯ ದಿನಗಳಲ್ಲಿ ಸಂಘವೂ ಮೇಲೆದ್ದಿತು. ೧೯೨೯ರಲ್ಲಿ ಮೊದಲ ಬಾರಿಗೂ ೧೯೩೫ರಲ್ಲಿ ಎರಡನೆಯ ಬಾರಿಗೂ ಪಿ.ಎಸ್.ವಿ. ರಾಷ್ಟ್ರದ ಚಾಂಪಿಯನ್ ಎನಿಸಿತು.

ಮುಂದೆ ಯುದ್ಧ ಬಂದಿತು. ೧೯೪೦ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡನ್ನು ಆಕ್ರಮಿಸಿದಾಗ ಕಂಪೆನಿಯ ಹಿರಿಯ ಆಡಳಿತಗಾರರು ಹೊರದೇಶಕ್ಕೆ ತೆರಳಿದರು. ಆಂಟನ್ನನ ಮಗನಾದ ಫ್ರಿಟ್ಸ್ ಫಿಲಿಪ್ಸರು ಮಾತ್ರ ಊರಿನಲ್ಲಿಯೇ ಉಳಿದರು. ಶತ್ರುವಿನ ಕೈಕೆಳಗೆ ಕಾರ್ಖಾನೆ ನಡೆಯಬೇಕಾಯಿತು. ೧೯೪೨ರ ಡಿಸೆಂಬರ್ ೬, ಭಾನುವಾರದ ದಿನ, ಕೆಲಸಗಾರರು ಒಳಗಿಲ್ಲದ ಹೊತ್ತನ್ನು ನೋಡಿ ಬ್ರಿಟಿಷ್ ವಿಮಾನಗಳು ಕಾರ್ಖಾನೆಯ ಮೇಲೆ ಬಾಂಬುಗಳನ್ನು ಸುರಿದುವು. ಹಾಗಿದ್ದರೂ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ೧೯೪೩ರಲ್ಲಿ ಕಾರ್ಖಾನೆಯಲ್ಲಿ ಮುಷ್ಕರವಾದಾಗ ಜರ್ಮನರು ಫ್ರಿಟ್ಸ್ ಫಿಲಿಪ್ಸರನ್ನು ಹಿಡಿದು ಕೆಲವು ತಿಂಗಳು ಫ್ಯುಖ್ಟ್ ಎಂಬ ಬಂಧನ ಶಿಬಿರದಲ್ಲಿ ಇರಿಸಿದರು. ಶಿಬಿರದೊಳಗೆ ಕಂಪೆನಿಯದೊಂದು ಕಾರ್ಯಾಗಾರವಿದ್ದಿತು. ಅಲ್ಲಿ ದುಡಿಯುತ್ತಿದ್ದ ಯೆಹೂದ್ಯರು ಕೆಲಸಕ್ಕೆ ಅತ್ಯಗತ್ಯವೆಂದು ಅವರು ಅಧಿಕಾರಿಗಳೊಡನೆ ವಾದಿಸಿದರು. ಹೀಗೆ ೩೮೨ ಮಂದಿ ಯೆಹೂದ್ಯರು ಉಳಿದುಕೊಂಡರು. ೧೯೯೬ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಇದಕ್ಕಾಗಿ ಅವರನ್ನು ಗೌರವಿಸಿತು.

ಫ್ರಿಟ್ಸ್ ಫಿಲಿಪ್ಸರ ಹೆಸರನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಎಳೆಯ ಹುಡುಗನಾಗಿದ್ದಾಗ ಈ ಬಯಲಿನಲ್ಲಿ ಮೊದಲ ಚೆಂಡನ್ನು ಒದ್ದವರು ಅವರೇ ಎಂದು ಹೇಳುತ್ತಾರೆ. ಮುಂದೆ ಕಂಪೆನಿಯ ಅಧ್ಯಕ್ಷರಾದ ಮೇಲೂ ಅವರು ಪಂದ್ಯ ನೋಡುವಾಗ ಗಣ್ಯರಿಗೆಂದು ಮೀಸಲಾದ ಆಸನದಲ್ಲಿ ಕೂರದೆ, ಸಾಮಾನ್ಯ ಜನರ ನಡುವೆ ಒಂದು ಕುರ್ಚಿಯನ್ನು ಆರಿಸಿಕೊಂಡು ಅಲ್ಲಿಯೇ ಕೂರುತ್ತಿದ್ದರು. ಊರವರು ಅವರನ್ನು 'ಫ್ರಿಟ್ಸ್ ಯಜಮಾನರು' ಎಂದೇ ಕರೆಯುತ್ತಿದ್ದರು. ಸಂಘಕ್ಕೂ ಊರಿಗೂ ನಡುವಣ ಗೋಡೆ ಕುಸಿಯುವುದಕ್ಕೆ ಇಂತಹ ನಡವಳಿಕೆಯೂ ಒಂದು ಕಾರಣವಾಯಿತು.

ಹಾಲೆಂಡಿನಲ್ಲಿ ಕಾಲ್ಚೆಂಡಾಟವನ್ನು ಜೀವನೋಪಾಯದ ವೃತ್ತಿಯಾಗಿ ಒಪ್ಪಿಕೊಂಡುದು ೧೯೫೪ರಲ್ಲಿ. ಅದಕ್ಕೆ ಮೊದಲು ಹಣಕ್ಕಾಗಿ ಆಡುವುದು ನಿಷಿದ್ಧವಾಗಿದ್ದಿತು. ೧೯೫೫ರಲ್ಲಿ ಯೂರೋಪಿನ ಚಾಂಪಿಯನ್ ಸಂಘಗಳ ಕಪ್ಪಿನ ಪಂದ್ಯಗಳು ಮೊದಲಾದಾಗ ಹಾಲೆಂಡಿನಿಂದ ಹೋದ ಸಂಘ ಪಿ.ಎಸ್.ವಿ.ಯೇ. ವಿಯೆನ್ನಾ ನಗರದ ರಾಪಿಡ್ ತಂಡ ತನ್ನ ನೆಲದಲ್ಲಿ ಇವರನ್ನು ೬-೧ರಿಂದ ಸೋಲಿಸಿ ಕಳುಹಿಸಿತು. ತವರಿನಲ್ಲಿ ೧-೦ಯಿಂದ ಗೆದ್ದರೂ ಪ್ರಯೋಜನವಾಗಲಿಲ್ಲ. ಮರುವರ್ಷ ರಾಷ್ಟ್ರದ ಅತ್ಯುಚ್ಚ ಶ್ರೇಣಿಯ ಲೀಗು ಏರ್ಪಟ್ಟಿತು. ಅದರ ಮೊದಲ ಋತುವಾದ ೧೯೫೬-೫೭ರಲ್ಲಿಯೇ ಪಿ.ಎಸ್.ವಿ.ಯ ಕೂನ್ ಡಿಲೆನ್ ೪೩ ಗೋಲುಗಳನ್ನು ಹೊಡೆದನು. ಅವನ ಒದೆತದ ಬಲವನ್ನು ಕಂಡು ಜನ ಅವನಿಗೆ 'ಫಿರಂಗಿ' ಎಂದು ಹೆಸರಿಟ್ಟಿದ್ದರು. ಒಂದೇ ಋತುವಿನಲ್ಲಿ ಅಷ್ಟು ಗೋಲುಗಳನ್ನು ಆ ಲೀಗಿನಲ್ಲಿ ಇನ್ನಾರೂ ಹೊಡೆದಿಲ್ಲ. ಆ ಶ್ರೇಣಿಯಿಂದ ಒಮ್ಮೆಯೂ ಕೆಳಗಿಳಿಯದ ಸಂಘಗಳು ಮೂರೇ: ಆಮ್‌ಸ್ಟರ್‌ಡಾಮಿನ ಅಯಾಕ್ಸ್, ರಾಟರ್‌ಡಾಮಿನ ಫೆಯೆನೂರ್ಡ್, ಮೂರನೆಯದು ಪಿ.ಎಸ್.ವಿ.

ಸಂಘದ ಐವತ್ತನೆಯ ವರ್ಷವಾದ ೧೯೬೩ರಲ್ಲಿ ಮತ್ತೆ ರಾಷ್ಟ್ರಪದವಿ ಕೈಸೇರಿತು. ಅದರ ಮರುವರ್ಷವೇ ತಂಡವನ್ನು ಸೇರಿದ ವಿಲ್ಲಿ ಫಾನ್ ಡೆರ್ ಕೌಲೆನ್ ಮುಂದೆ ಸುಮಾರು ಹದಿನೇಳು ವರ್ಷ ಅಲ್ಲಿಯೇ ನೆಲಸಿ, ಲೀಗಿನಲ್ಲಿ ಒಟ್ಟು ೩೧೧ ಗೋಲುಗಳ ದಾಖಲೆಯನ್ನು ಸ್ಥಾಪಿಸಿದನು. ಕೇಸ್ ರೈವರ್ಸ್ ಎಂಬ ಶಿಕ್ಷಕನ ಕೈಕೆಳಗೆ, ಅವಳಿ ಸಹೋದರರಾದ ರೆನೆ ಮತ್ತು ವಿಲ್ಲಿ ಫಾನ್ ಡೆ ಕೆರ್ಕೋಫರೂ ಸೇರಿದ್ದ ತಂಡ ೧೯೭೫, ೧೯೭೬, ೧೯೭೮ರಲ್ಲಿ ರಾಷ್ಟ್ರಪದವಿಯನ್ನು ಪಡೆಯಿತು. ೧೯೭೮ರಲ್ಲಿಯೇ ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಬಾಸ್ಟಿಯಾ ತಂಡವನ್ನು ಸೋಲಿಸಿ, ಯೂರೋಪಿನ ಸ್ಪರ್ಧೆಯಾದ ಯುಯೆಫಾ ಕಪ್ಪನ್ನೂ ಗೆದ್ದಿತು.

ಇನ್ನು ೧೯೮೮ರ ಸಂಗತಿ. ಇದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು. ಶಿಕ್ಷಕ ಗುಸ್ ಹಿಡಿಂಕ್. ನಾಯಕ ಬೆಲ್ಜಿಯಂ ದೇಶದ ಎರಿಕ್ ಗೆರೆಟ್ಸ್. ಹಿಂದಿನ ವರ್ಷವಷ್ಟೇ ತಂಡದ ಅತಿಶ್ರೇಷ್ಠ ಆಟಗಾರನಾದ ರೂಡ್ ಗುಲ್ಲಿಟ್‌ನನ್ನು ಇಟಲಿಯ ಮಿಲಾನ್ ಸಂಘವು ಭಾರಿ ಹಣ ಕೊಟ್ಟು ಕೊಂಡೊಯ್ದಿದ್ದಿತು. ಯೂರೋಪಿನ ಚಾಂಪಿಯನ್ ಕಪ್ಪಿನಲ್ಲಿ ಮೊದಲು ತುರ್ಕಿಯ ಗಲತಸರಾಯ್ ತಂಡವನ್ನು ದಾಟಿದ ಮೇಲೆ ಎದುರಾದುದು ಯಾರು? ಮೂವತ್ತೆರಡು ವರ್ಷಗಳ ಹಿಂದೆ ಆರು ಗೋಲುಗಳಿಂದ ಸೋಲಿಸಿದ್ದ ಅದೇ ವಿಯೆನ್ನಾದ ರಾಪಿಡ್ ತಂಡ! ಈ ಸಲ ಪಿ.ಎಸ್.ವಿ. ಎರಡು ಪಂದ್ಯಗಳಲ್ಲಿಯೂ ಗೆದ್ದಿತು. ಹಳೆಯ ಸಾಲ ತೀರಿತು.

ಆಮೇಲೆ ನಡೆದುದು ವಿಚಿತ್ರ. ಫ್ರಾನ್ಸಿನ ಬೋರ್ಡೋ ತಂಡದೊಡನೆ ಅಲ್ಲಿ ೧-೧, ಇಲ್ಲಿ ೦-೦. ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದೊಡನೆಯೂ ಅಲ್ಲಿ ೧-೧, ಇಲ್ಲಿ ೦-೦. ಎರಡು ಪಂದ್ಯಗಳ ಒಟ್ಟು ಲೆಕ್ಕ ಸಮನಾದರೆ, ಪರರ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದಂತೆ ಎಂಬ ನಿಯಮ ಆಗ ಇದ್ದಿತು. ಆ ನಿಯಮದ ಬಲದಿಂದ ಪಿ.ಎಸ್.ವಿ. ಗೆಲ್ಲದೆಯೇ ಮುಂದೆ ಸಾಗಿತು. ಮೇ ೨೫ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ತಂಡದೊಡನೆ ಕೊನೆಯ ಪಂದ್ಯ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚಿನ ಅರ್ಧ ಗಂಟೆಯಲ್ಲಿಯೂ ಇಲ್ಲ. ಕಡೆಗೆ ಗೋಲುಗಾರನೊಬ್ಬನೇ ಎದುರಿರುವಾಗ ಒಬ್ಬೊಬ್ಬರಾಗಿ ಚೆಂಡನ್ನು ಒದೆಯುವ ಪೆನಾಲ್ಟಿಯ ಪರೀಕ್ಷೆ ಬಂದಿತು. ಎರಡು ಕಡೆಯವರೂ ಮೊದಲ ಐದೂ ಒದೆತಗಳನ್ನು ಗುರಿ ಮುಟ್ಟಿಸಿದರು. ಪಿ.ಎಸ್.ವಿ.ಯ ಆರನೆಯವನೂ ಮುಟ್ಟಿಸಿದನು. ಬೆನ್ಫಿಕಾದ ಆರನೆಯವನಾಗಿ ವೆಲೋಸೋ ಬಂದನು. ಗೋಲುಗಾರ ಹಾನ್ಸ್ ಫಾನ್ ಬ್ರೂಕೆಲೆನ್ ಬಲಕ್ಕೆ ಹಾರಿ ಚೆಂಡನ್ನು ತಡೆದನು. ೬-೫.

ಹೀಗೆ ಕಡೆಯ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ, ಒಂದನ್ನೂ ಸೋಲದೆ, ಒಂದು ಸಂಘವು ಯೂರೋಪಿನ ಚಾಂಪಿಯನ್ ಆಯಿತು. ಅದೇ ವರ್ಷ ರಾಷ್ಟ್ರದ ಲೀಗನ್ನೂ ರಾಷ್ಟ್ರದ ಕಪ್ಪನ್ನೂ ಗೆದ್ದುದರಿಂದ ಮೂರು ಕಿರೀಟಗಳು ಒಟ್ಟಿಗೆ ಬಂದಂತಾಯಿತು. ಇದನ್ನು ಅದೃಷ್ಟವೆಂದು ಹಳಿಯುವವರುಂಟು. ಆದರೆ ಬಲಿಷ್ಠರಾದ ಎದುರಾಳಿಗಳ ಮುಂದೆ ಐದು ಪಂದ್ಯಗಳಲ್ಲಿ ಎರಡೇ ಗೋಲುಗಳನ್ನು ಬಿಟ್ಟುಕೊಟ್ಟ ತಾಳ್ಮೆಯನ್ನು ಬರಿಯ ಅದೃಷ್ಟವೆನ್ನಲು ನಾವು ಸಿದ್ಧರಿಲ್ಲ.

ಹೊರಗಿನವರ ಆಕ್ಷೇಪಣೆ ಮತ್ತೊಂದಿದ್ದಿತು: 'ನಿಮ್ಮದು ಸಂಘವಲ್ಲ, ಕಂಪೆನಿಯ ಜಾಹೀರಾತು.' ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ೧೯೮೨ರಿಂದ ಆಟಗಾರರ ಎದೆಯ ಮೇಲೆ ಫಿಲಿಪ್ಸ್ ಎಂಬ ಹೆಸರಿದ್ದಿತು. ಬ್ರೆಜಿಲ್ ದೇಶದಿಂದ ೧೯೮೮ರಲ್ಲಿ ರೊಮಾರಿಯೋ, ೧೯೯೪ರಲ್ಲಿ ಇನ್ನೂ ಹದಿನೇಳರ ಪ್ರಾಯದ ರೊನಾಲ್ಡೋ ಈ ಸಣ್ಣ ನಗರಕ್ಕೆ ಬಂದುದರ ಹಿಂದೆ ಆ ಹೆಸರಿನ ಪ್ರಭಾವ ಕೆಲಸ ಮಾಡಿರಲಿಲ್ಲವೆಂದು ಹೇಳಲಾಗದು. ಆಮ್‌ಸ್ಟರ್‌ಡಾಮಿನ ನಾಗರಿಕರು ಇವರನ್ನು 'ರೈತರು' ಎಂದು ಹಂಗಿಸುತ್ತಿದ್ದರು. ಐಂಡ್‌ಹೋವನ್ನಿನವರು ಆ ಬೈಗುಳವನ್ನೇ ಬಿರುದಾಗಿ ಧರಿಸಿ, 'ಹೌದು, ನಾವು ರೈತರೇ' ಎಂದು ಮೈದಾನದಲ್ಲಿ ಕೂಗತೊಡಗಿದರು. ಬೈಗುಳವನ್ನು ಬಿರುದಾಗಿ ಮಾಡಿಕೊಳ್ಳಬಲ್ಲ ಜನಕ್ಕೆ ಸಂಘವು ಇನ್ನು ಯಾವುದೋ ಕಂಪೆನಿಯ ಸ್ವತ್ತಾಗಿ ಉಳಿದಿರುವುದಿಲ್ಲ.

ಅಷ್ಟರಲ್ಲಿ ಕಂಪೆನಿಯ ಸ್ಥಿತಿಯೇ ಬದಲಾಯಿತು. ಪೂರ್ವದೇಶಗಳ ಪೈಪೋಟಿಯಿಂದ ಸಹಸ್ರಾರು ಮಂದಿ ಕೆಲಸ ಕಳೆದುಕೊಂಡರು. ತೊಂಬತ್ತರ ದಶಕದ ಕೊನೆಯಲ್ಲಿ ಕಂಪೆನಿ ತನ್ನ ಮುಖ್ಯ ಕಚೇರಿಯನ್ನು ಐಂಡ್‌ಹೋವನ್ನಿನಿಂದ ಆಮ್‌ಸ್ಟರ್‌ಡಾಮಿಗೆ ಸಾಗಿಸಿತು. ಮನೆಯ ಹಿರಿಯನು ಮನೆ ಬಿಟ್ಟು, ಅದೂ ಪ್ರತಿಸ್ಪರ್ಧಿಯ ಊರಿಗೇ ಹೋದಂತೆ ಜನರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ ಕಂಪೆನಿ ಹುಟ್ಟಿಗೆ ಕಾರಣವಾದ ದೀಪದ ಉದ್ಯಮವನ್ನೇ ಬೇರ್ಪಡಿಸಿತು. ಅದು ೨೦೧೮ರಿಂದ ಸಿಗ್ನಿಫೈ ಎಂಬ ಬೇರೆ ಹೆಸರಿನಲ್ಲಿ ನಡೆಯುತ್ತಿದೆ.

ಸಂಘವೂ ಹೆಜ್ಜೆ ಹೆಜ್ಜೆಯಾಗಿ ಬೇರೆಯಾಯಿತು. ೧೯೯೯ರಲ್ಲಿ ಅದರ ಕಾಲ್ಚೆಂಡು ವಿಭಾಗ ಸ್ವತಂತ್ರ ಸಂಸ್ಥೆಯಾಯಿತು. ೨೦೧೧ರಲ್ಲಿ ಹಣದ ಮುಗ್ಗಟ್ಟು ಒದಗಿದಾಗ, ಕ್ರೀಡಾಂಗಣದ ಕೆಳಗಿನ ಭೂಮಿಯನ್ನೂ ಅಭ್ಯಾಸದ ಬಯಲಿನ ಭೂಮಿಯನ್ನೂ ನಗರಸಭೆ ೪.೮೪ ಕೋಟಿ ಯೂರೋ ಕೊಟ್ಟು ಕೊಂಡು, ವರ್ಷಂಪ್ರತಿ ನೆಲಬಾಡಿಗೆಯ ಮೇಲೆ ಸಂಘಕ್ಕೇ ಬಿಟ್ಟುಕೊಟ್ಟಿತು. ಜನರ ತೆರಿಗೆಯ ಹಣದಿಂದ ಆಟಗಾರರನ್ನು ಪೋಷಿಸುವುದು ನ್ಯಾಯವೆ ಎಂಬ ವಿವಾದವೆದ್ದಿತು. ಯೂರೋಪಿನ ಒಕ್ಕೂಟದ ಆಯೋಗವು ವಿಚಾರಣೆ ನಡೆಸಿ, ವ್ಯವಹಾರ ಪೇಟೆಯ ಧಾರಣೆಗೆ ಅನುಗುಣವಾಗಿದೆಯೆಂದು ೨೦೧೬ರಲ್ಲಿ ತೀರ್ಮಾನಿಸಿತು. ಅದೇ ವರ್ಷ ಮೂವತ್ತನಾಲ್ಕು ವರ್ಷಗಳ ತರುವಾಯ ಆಟಗಾರರ ಎದೆಯಿಂದ ಫಿಲಿಪ್ಸ್ ಹೆಸರು ಅಳಿಯಿತು. ೨೦೧೯ರಲ್ಲಿ ಅದರ ಸ್ಥಳಕ್ಕೆ ಬಂದುದು 'ಬ್ರೈನ್‌ಪೋರ್ಟ್ ಐಂಡ್‌ಹೋವನ್' ಎಂಬ ಸೀಮೆಯ ಹೆಸರು. ಆ ಸೀಮೆಯ ಹಲವು ಉದ್ಯಮಗಳು ಒಟ್ಟುಗೂಡಿ ಅದರ ವೆಚ್ಚವನ್ನು ವಹಿಸಿಕೊಂಡುವು. ಅವುಗಳಲ್ಲಿ ಗಣಕಯಂತ್ರದ ಸೂಕ್ಷ್ಮ ಚಿಪ್ಪುಗಳನ್ನು ಅಚ್ಚೊತ್ತುವ ಯಂತ್ರಗಳಿಗೆ ಹೆಸರಾದ ಎ.ಎಸ್.ಎಂ.ಎಲ್. ಸಂಸ್ಥೆಯೂ ಒಂದು, ೧೯೮೪ರಲ್ಲಿ ಅದರ ಹುಟ್ಟಿನಲ್ಲಿ ಫಿಲಿಪ್ಸಿನ ಪಾಲಿದ್ದಿತು. ಮುತ್ತಜ್ಜನು ಮಾಡಿದ ಕೆಲಸವನ್ನು ಮರಿಮಕ್ಕಳು ಕೂಡಿ ಮಾಡಿದಂತೆ ಇದು ಇದೆ.

ಒಡೆಯನ ನೆರಳು ಸರಿದ ಮೇಲೆ ಸಂಘ ಬಾಡಿತೆ? ಇಲ್ಲ. ೨೦೦೭ರಲ್ಲಿ ಕಡೆಯ ದಿನದ ಕೊನೆಗೆ ಪಿ.ಎಸ್.ವಿ., ಅಯಾಕ್ಸ್ ಎರಡಕ್ಕೂ ೭೫ ಅಂಕಗಳು. ಗೋಲುಗಳ ಅಂತರದಲ್ಲಿ ಒಂದೇ ಒಂದು ಗೋಲು ಹೆಚ್ಚಾಗಿದ್ದುದರಿಂದ ಪದವಿ ಐಂಡ್‌ಹೋವನ್ನಿಗೆ ದಕ್ಕಿತು. ೨೦೨೫ರಲ್ಲಿ ಐದು ಪಂದ್ಯಗಳಷ್ಟೇ ಉಳಿದಿದ್ದಾಗ ಅಯಾಕ್ಸ್ ಒಂಬತ್ತು ಅಂಕ ಮುಂದಿದ್ದಿತು. ಪಿ.ಎಸ್.ವಿ.ಯವರು ಕೈಚೆಲ್ಲದೆ ಬೆನ್ನಟ್ಟಿ ಒಂದೇ ಅಂಕದಿಂದ ಮುಂದಾದರು. ಅದು ಅವರ ೨೬ನೆಯ ರಾಷ್ಟ್ರಪದವಿ.

ನಮ್ಮ ದೇಶದಲ್ಲಿಯೂ ಕಾರ್ಖಾನೆಗಳು ಕಾಲ್ಚೆಂಡಾಟವನ್ನು ಪೋಷಿಸಿದುವು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳ ಆಟವನ್ನು ನೋಡಿದವರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಮುಂಬಯಿಯ ಮಹೀಂದ್ರ ತಂಡ ೨೦೧೦ರಲ್ಲಿಯೂ ಪಂಜಾಬಿನ ಜೆ.ಸಿ.ಟಿ. ಗಿರಣಿಯ ತಂಡ ೨೦೧೧ರಲ್ಲಿಯೂ ಒಡೆಯರ ಒಂದೊಂದು ನಿರ್ಧಾರದಿಂದ ಇಲ್ಲವಾದುವು. ಐಂಡ್‌ಹೋವನ್ನಿನಲ್ಲಿ ಹಾಗಾಗದೆ ಇದ್ದುದು ಏತಕ್ಕೆ? ಅಲ್ಲಿ ಆಟವು ಕೆಲಸಗಾರರ ಮನೆಗಳ ಮಗ್ಗುಲಲ್ಲಿಯೇ ಬೆಳೆಯಿತು. ತಂದೆ ಮಗನನ್ನೂ ಮಗ ಮೊಮ್ಮಗನನ್ನೂ ಅದೇ ಬಯಲಿಗೆ ಕರೆದೊಯ್ದರು. ಒಡೆಯನೂ ಅವರ ನಡುವೆ ಬಂದು ಕುಳಿತನು. ಕಷ್ಟಕಾಲ ಬಂದಾಗ ಹೆಗಲು ಕೊಡುವುದಕ್ಕೆ ನಗರವೂ ನೆರೆಯ ಉದ್ಯಮಗಳೂ ಇದ್ದುವು. ಸಂಘವನ್ನು ಕಟ್ಟಲು ಒಡೆಯನ ಹಣ ಸಾಕು; ಉಳಿಸಲು ಊರಿನ ಮನಸ್ಸು ಬೇಕು.

ಫ್ರಿಟ್ಸ್ ಫಿಲಿಪ್ಸರು ೨೦೦೫ರ ಡಿಸೆಂಬರಿನಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ರೀಡಾಂಗಣಕ್ಕೆ ಅವರ ಮನೆತನದ ಹೆಸರೇ ಉಳಿದಿದೆ. ಸಾಮಾನ್ಯ ಜನರ ನಡುವೆ ಅವರು ಕೂರುತ್ತಿದ್ದ ಆ ಕುರ್ಚಿಯನ್ನು ಊರವರು ಈಗಲೂ ಅವರ ಕುರ್ಚಿಯೆಂದೇ ಗುರುತಿಸುತ್ತಾರೆ.